36 ಸಾವಿರದಲ್ಲಿ ಹೊಸ ಕಂಪ್ಯೂಟರ್: ಪಾಯ ಗಟ್ಟಿಯಿರಲಿ, ಬಣ್ಣ ಆಮೇಲೆ

ಬಂಧುಬಳಗದಲ್ಲಿ ಒಬ್ಬರು ಐಟಿ ಕೆಲಸದಲ್ಲಿದ್ದರೆ ಸಾಕು, ಎಲ್ಲರ ಕಂಪ್ಯೂಟರ್ ಪ್ರಶ್ನೆಗಳೂ ಅವರ ಫೋನಿಗೇ ಬರುತ್ತವೆ. ಪ್ರಿಂಟರ್ ಯಾಕೆ ಕೆಲಸ ಮಾಡ್ತಿಲ್ಲ, ಫೋಟೊ ಎಲ್ಲಿ ಹೋಯ್ತು, ಮಗನಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ? ನಾನು ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್ ಅಂತ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲೂ ಅನೇಕರ ಪಾಡು ಇದೇ ಇರಬೇಕು.

2024ರ ಜುಲೈನಲ್ಲಿ ಬಂದ ಪ್ರಶ್ನೆ ಮಾತ್ರ ಸ್ವಲ್ಪ ತೂಕದ್ದು. ಕೇಳಿದವರು ತಿಪಟೂರಿನ ನನ್ನ ಚಿಕ್ಕಮ್ಮ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗ, ಅಂದ್ರೆ ನನ್ನ ತಮ್ಮ, ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬಂದಿದ್ದ. ಮೊದಲ ವರ್ಷವನ್ನು ಕಾಲೇಜಿನ ಲ್ಯಾಬು, ಗೆಳೆಯರ ಲ್ಯಾಪ್‌ಟಾಪು ಅಂತ ಹೇಗೋ ದೂಡಿದ್ದ. ಇನ್ನು ಆಗಲ್ಲ ಅಂತ ಚಿಕ್ಕಮ್ಮ ಸ್ತ್ರೀಶಕ್ತಿ ಸಂಘದಲ್ಲಿ 25 ಸಾವಿರ ಸಾಲ ತೆಗೆದು, ಕೈಯಲ್ಲಿದ್ದ 11 ಸಾವಿರ ಸೇರಿಸಿ 36 ಸಾವಿರ ಮಾಡಿಟ್ಟುಕೊಂಡಿದ್ದರು. ಸಾಲ ತೀರಿಸಬೇಕಾದ್ದು ವಾರಕ್ಕೆ 550ರಂತೆ 50 ವಾರ. ಫೋನಿನಲ್ಲಿ ಅವರು ಕೇಳಿದ್ದು ಯಾವ ಕಂಪನಿ, ಎಷ್ಟು ಜಿಬಿ ಅಂತ ಅಲ್ಲ. "ಸಾಲ ತೀರೋಕೆ ಮುಂಚೆ ಅದು ಕೆಟ್ಟು ಕೂತ್ಕೊಳಲ್ಲ ತಾನೆ ಕಣವ್ವ?" ಅಂತ ಕೇಳಿದರು.

ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಕೊಳ್ಳುವ ಯಾರೇ ಆಗಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ನನಗೆ ಅನ್ನಿಸುತ್ತೆ. ಎಷ್ಟು ವೇಗ ಅನ್ನೋದು ಎರಡನೇ ಮಾತು. ಎಷ್ಟು ವರ್ಷ ಬಾಳುತ್ತೆ, ಕೆಟ್ಟರೆ ಎಷ್ಟರಲ್ಲಿ ರಿಪೇರಿ ಆಗುತ್ತೆ ಅನ್ನೋದು ಮೊದಲ ಮಾತು.

ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ?

ತಮ್ಮನಿಗೆ ಲ್ಯಾಪ್‌ಟಾಪ್ ಆಸೆ ಇತ್ತು. ತಪ್ಪೇನಿಲ್ಲ. ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇರುವವರಿಗೆ, ದಿನಾ ಹೊತ್ತುಕೊಂಡು ಓಡಾಡಬೇಕಾದವರಿಗೆ ಲ್ಯಾಪ್‌ಟಾಪೇ ಸರಿ. ಅಂಥವರು ಡೆಸ್ಕ್‌ಟಾಪ್ ತಗೊಂಡರೆ ವರ್ಷದೊಳಗೆ ಅದರ ಮೇಲೆ ಬಟ್ಟೆ ಒಣಗುತ್ತಿರುತ್ತೆ.

ಆದರೆ ಇವನು ಮನೆಯಿಂದಲೇ ಕಾಲೇಜಿಗೆ ಹೋಗುವವನು. 36 ಸಾವಿರದ ಒಳಗೆ ಸಿಗುತ್ತಿದ್ದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು 8 ಜಿಬಿ ರ‍್ಯಾಮ್‌ನವು. ಹಲವದರಲ್ಲಿ ಆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಅದನ್ನು ಬದಲಿಸೋಕೆ ಆಗಲ್ಲ. ಆಂಡ್ರಾಯ್ಡ್ ಸ್ಟುಡಿಯೊ ತೆರೆದು ಪಕ್ಕದಲ್ಲಿ ಬ್ರೌಸರ್ ಇಟ್ಟುಕೊಂಡರೆ 8 ಜಿಬಿ ಏದುಸಿರು ಬಿಡುತ್ತೆ. ಕೀಬೋರ್ಡ್ ಕೆಟ್ಟರೂ, ಸ್ಕ್ರೀನ್ ಒಡೆದರೂ ಸಾವಿರಗಟ್ಟಲೆ ಖರ್ಚು. ಡೆಸ್ಕ್‌ಟಾಪ್‌ನಲ್ಲಿ ಕೀಬೋರ್ಡ್ ಕೆಟ್ಟರೆ 400 ರೂಪಾಯಿ ಕೊಟ್ಟು ಇನ್ನೊಂದು ತಂದರಾಯ್ತು. ಯಾವ ಭಾಗ ಕೆಡುತ್ತೋ ಅದನ್ನಷ್ಟೇ ಬದಲಿಸಬಹುದು, ಯಾವುದು ಸಾಲದೋ ಅದನ್ನಷ್ಟೇ ಸೇರಿಸಬಹುದು. ಒಂದೇ ಸಲ ದುಡ್ಡು ಹೊಂದಿಸಲಾಗದ ಮನೆಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಈ ಮಾತು ತಮ್ಮನ ತಲೆಗೆ ಹೋಗೋಕೆ ಎರಡು ದಿನ ಬೇಕಾಯ್ತು.

ಇವತ್ತೇ ಸರಿಯಿರಬೇಕಾದ್ದು ಯಾವುದು?

ಮನೆ ಕಟ್ಟುವವರು ಪಾಯಕ್ಕೆ, ಕಂಬಕ್ಕೆ ಜುಗ್ಗತನ ಮಾಡಲ್ಲ. ಬಣ್ಣ, ಕಪಾಟು, ಗೇಟು ಮುಂದಿನ ವರ್ಷವೂ ಆದೀತು. ಕಂಪ್ಯೂಟರ್‌ಗೂ ಇದೇ ಲೆಕ್ಕ. ನಾವು ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದೆವು. ಆಮೇಲೆ ಬದಲಿಸೋಕೆ ಕಷ್ಟವಾದದ್ದು ಒಂದು ಕಡೆ: ಮದರ್‌ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್. ಆಮೇಲೆ ಸೇರಿಸಿಕೊಳ್ಳಬಹುದಾದದ್ದು ಇನ್ನೊಂದು ಕಡೆ: ಗ್ರಾಫಿಕ್ಸ್ ಕಾರ್ಡ್, ಹೆಚ್ಚಿನ ಸ್ಟೋರೇಜ್, ಸ್ಪೀಕರ್, ಒಳ್ಳೆಯ ಕೀಬೋರ್ಡ್, ಬಣ್ಣಬಣ್ಣದ ದೀಪದ ಫ್ಯಾನು.

ದೀಪದ ಫ್ಯಾನಿನ ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯ್ತು. ಗಾಜಿನ ಕ್ಯಾಬಿನೆಟ್, ಒಳಗೆ ನಾಲ್ಕು ಬಣ್ಣದ ಫ್ಯಾನು ಇರುವ ಚಿತ್ರ ತೋರಿಸಿದ ತಮ್ಮ. "ಓದೋಕೆ ಮನೇಲಿ ಬಲ್ಬ್ ಇಲ್ವೇನೋ?" ಅಂದರು ಚಿಕ್ಕಮ್ಮ. ಅಲ್ಲಿಗೆ ಆ ವಿಷಯ ಮುಗೀತು.

ಪ್ರೊಸೆಸರ್ ವಿಷಯದಲ್ಲಿ ಅವನ ಪಟ್ಟಿಯಲ್ಲಿದ್ದದ್ದು ಇಂಟೆಲ್ ಐ3-12100ಎಫ್. ಬೆಲೆಗೆ ತಕ್ಕ ಒಳ್ಳೆಯ ಪ್ರೊಸೆಸರ್ ಅದು. ಆದರೆ ಕೊನೆಯಲ್ಲಿರುವ 'ಎಫ್' ಅಕ್ಷರವನ್ನು ಗಮನಿಸಬೇಕು. ಹಾಗೆಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಮಾನಿಟರ್ ಮೇಲೆ ಏನೂ ಬರಲ್ಲ. ಗೇಮ್ ಆಡುವವರಿಗೆ ಹೇಗೂ ಕಾರ್ಡ್ ಬೇಕು, ಅವರಿಗೆ ಸರಿ. ಕಾರ್ಡಿಗೆ ದುಡ್ಡಿಲ್ಲದ ವಿದ್ಯಾರ್ಥಿಗೆ ಅಲ್ಲ.

ನಾವು ಆರಿಸಿದ್ದು ಎಎಂಡಿಯ ರೈಜೆನ್ 5 5600ಜಿ. 2021ರಲ್ಲಿ ಬಂದದ್ದು, 6 ಕೋರ್, 12 ಥ್ರೆಡ್. ಗ್ರಾಫಿಕ್ಸ್ ಒಳಗೇ ಇದೆ, ತಣ್ಣಗಿಡುವ ಕೂಲರ್ ಕೂಡ ಡಬ್ಬದಲ್ಲೇ ಬರುತ್ತೆ. ಕೋಡಿಂಗ್‌ಗೆ, ಆನ್‌ಲೈನ್ ಕ್ಲಾಸಿಗೆ ಧಾರಾಳ. ರಾತ್ರಿ ಒಂದು ಗಂಟೆ ವ್ಯಾಲೊರಂಟ್ ಆಡೋಕೂ ಸಾಕು.

ಇದರಲ್ಲಿ ಒಂದು ರಾಜಿ ಇತ್ತು. ಈ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ ಹಳೆಯದು. 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5 ರ‍್ಯಾಮ್ ಬೇಕು, ಬೋರ್ಡೂ ದುಬಾರಿ. ಅದು ನಮ್ಮ ಬಜೆಟ್‌ಗೆ ನಿಲುಕಲಿಲ್ಲ. ಆದರೂ ಎಎಂ4ರಲ್ಲಿ ಮುಂದೆ ಬೇಕೆಂದರೆ 8 ಕೋರಿನ ಪ್ರೊಸೆಸರ್ ಹಾಕಿಕೊಳ್ಳುವ ದಾರಿ ಇದೆ. ಬಿ450 ಚಿಪ್‌ಸೆಟ್‌ನ, 4 ರ‍್ಯಾಮ್ ಸ್ಲಾಟ್ ಇರುವ ಬೋರ್ಡ್ ಹುಡುಕಿದೆವು. ಎರಡಕ್ಕೆ ಈಗ ರ‍್ಯಾಮ್, ಇನ್ನೆರಡು ಮುಂದಕ್ಕೆ.

ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಎರಡು ಇರಲಿ ಅಂದೆ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದಿ ಬರೆಯುತ್ತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಚಿತ್ರ ತೋರಿಸೋಕೂ ಇದೇ ರ‍್ಯಾಮನ್ನು ಬಳಸೋದರಿಂದ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಬೇಡ

ಬಹಳ ಜನ ದುಡ್ಡು ಉಳಿಸೋಕೆ ಹೋಗುವುದು ಇಲ್ಲೇ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ 12, 5, 3.3 ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬ ಇದು. ಹೊರಗೆ ಕಾಣಲ್ಲ, ವೇಗ ಹೆಚ್ಚಿಸಲ್ಲ, ಹಾಗಾಗಿ ಯಾರಿಗೂ ಇದರ ಮೇಲೆ ಮನಸ್ಸಿಲ್ಲ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಬರೆದಿದ್ದರೂ ಅಷ್ಟು ಕೊಡುತ್ತೆ ಅನ್ನೋ ಖಾತ್ರಿ ಇಲ್ಲ. ವೋಲ್ಟೇಜ್ ಏರಿಳಿದಾಗ ಅದು ತಾನು ಸಾಯುವುದರ ಜೊತೆಗೆ ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ನಮ್ಮ ಈ ಕಂಪ್ಯೂಟರ್ ಪೂರ್ತಿ ದುಡಿಯುವಾಗಲೂ ಎಳೆಯುವುದು 150 ವ್ಯಾಟ್ ಒಳಗೇ. ಆದರೂ ಮುಂದೆ ಕಾರ್ಡ್ ಹಾಕಲು ಜಾಗ ಇರಲಿ ಅಂತ ಹೆಸರಾಂತ ಕಂಪನಿಯ 450 ವ್ಯಾಟಿನ, '80 ಪ್ಲಸ್ ಬ್ರಾಂಜ್' ಗುರುತಿನದ್ದನ್ನು ಕೊಂಡೆವು. 80 ಪ್ಲಸ್ ಅಂದ್ರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಕನಿಷ್ಠ ಶೇ. 80ರಷ್ಟು ಒಳಗಿನ ಭಾಗಗಳಿಗೆ ತಲುಪುತ್ತೆ, ಬಿಸಿಯಾಗಿ ಹಾಳಾಗೋದು ಕಡಿಮೆ ಅಂತ. ಬ್ರಾಂಜ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಶಾರ್ಟ್ ಆದರೆ, ವೋಲ್ಟೇಜ್ ಏರಿದರೆ ತಾನೇ ಆಫ್ ಆಗುವ ರಕ್ಷಣೆ ಇದೆಯಾ ಅಂತ ಡಬ್ಬದ ಮೇಲೆ ಓದಿಕೊಳ್ಳಿ.

ಇನ್ನೊಂದು ಮಾತು. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲದಿದ್ದರೆ ಎಷ್ಟು ಒಳ್ಳೆಯ ಎಸ್‌ಎಂಪಿಎಸ್ ತಂದರೂ ಪೂರ್ತಿ ರಕ್ಷಣೆ ಸಿಗಲ್ಲ. ಚಿಕ್ಕಮ್ಮನ ಮನೆ ಹಳೆಯದು. ಹಾಗಾಗಿ ಕಂಪ್ಯೂಟರ್ ಬರುವ ಮುಂಚೆಯೇ ಅಲ್ಲಿನ ಎಲೆಕ್ಟ್ರಿಷಿಯನ್ ಬಂದು ನೋಡಿ ಅರ್ಥಿಂಗ್ ಸರಿಮಾಡಿ ಹೋದರು.

ಎಸ್‌ಪಿ ರೋಡಿನಲ್ಲಿ ಒಂದು ಶನಿವಾರ

ತಮ್ಮ ಬೆಳಗಿನ ರೈಲಿಗೆ ಬೆಂಗಳೂರಿಗೆ ಬಂದ. ಟೌನ್‌ಹಾಲ್ ಹತ್ತಿರದ ಎಸ್‌ಪಿ ರೋಡ್, ಅಂದ್ರೆ ಸಾದರ ಪತ್ರಪ್ಪ ರಸ್ತೆ, ಕಂಪ್ಯೂಟರ್ ಬಿಡಿಭಾಗಗಳಿಗೆ ನಮ್ಮ ರಾಜ್ಯದ ದೊಡ್ಡ ಪೇಟೆ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ನಡೆದೆವು.

ಮೊದಲ ಅಂಗಡಿಯಲ್ಲೇ ಒಂದು ಪಾಠ ಸಿಕ್ಕಿತು. ನಮ್ಮ ಪಟ್ಟಿ ನೋಡಿ ಅಂಗಡಿಯವರು ಬದಿಗಿಟ್ಟರು. "ಇಷ್ಟೆಲ್ಲ ಯಾಕೆ ಮೇಡಂ? ಐ5, 16 ಜಿಬಿ, ಒಂದು ಟಿಬಿ, ಮಾನಿಟರ್ ಸಮೇತ 22 ಸಾವಿರಕ್ಕೆ ರೆಡಿ ಕೊಡ್ತೀನಿ" ಅಂದರು. ತಮ್ಮನ ಕಣ್ಣು ಅರಳಿತು. ಐ5 ಸರಿ, ಎಷ್ಟನೇ ಜನರೇಶನ್ ಅಂತ ಕೇಳಿದೆ. ನಾಲ್ಕನೆಯದು. ಅಂದ್ರೆ ಇಂಟೆಲ್ 2013ರಲ್ಲಿ ಬಿಟ್ಟದ್ದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಪ್ರಕಾರ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದರ ನಂತರದ್ದು ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತೆ ಅಂತ ಆಗಲೇ ಗೊತ್ತಿತ್ತು. ಸಾಲದ 50 ವಾರ ಮುಗಿದ ಮೂರೇ ತಿಂಗಳಿಗೆ ಆ ಯಂತ್ರದ ವಿಂಡೋಸ್‌ಗೂ ಅವಧಿ ಮುಗಿಯುತ್ತಿತ್ತು!

ಐ5 ಅನ್ನೋದು ಸ್ಕೂಟರಿನ ಮಾಡೆಲ್ ಹೆಸರಿದ್ದ ಹಾಗೆ. ಯಾವ ವರ್ಷದ್ದು ಅಂತ ಕೇಳದೆ ಬೆಲೆ ಕಟ್ಟೋಕೆ ಆಗಲ್ಲ. ಪ್ರೊಸೆಸರಿನ ಪೂರ್ತಿ ನಂಬರ್ ಬರೆಸಿಕೊಂಡು, ಅಲ್ಲೇ ಫೋನಿನಲ್ಲಿ ನೋಡಿ.

ಹಾಗಂತ ಎಸ್‌ಪಿ ರೋಡಿನ ಅಂಗಡಿಯವರೆಲ್ಲ ಮೋಸಗಾರರು ಅನ್ನಬೇಡಿ. ಮೂರನೇ ಅಂಗಡಿಯ ಹುಡುಗ ನಮ್ಮ ಪಟ್ಟಿಯನ್ನು ಗಮನಿಸಿ ಓದಿದ. ಬೋರ್ಡಿನ ಡಬ್ಬದ ಮೇಲೆ ರೈಜೆನ್ 5000ಕ್ಕೆ ಸಿದ್ಧ ಅನ್ನೋ ಸ್ಟಿಕ್ಕರ್ ಇರುವುದನ್ನೇ ಹುಡುಕಿ ತಂದುಕೊಟ್ಟ. ಬಿ450 ಹಳೆಯ ಚಿಪ್‌ಸೆಟ್ ಆದ್ದರಿಂದ ಬಯೋಸ್ ಹಳೆಯದಿದ್ದರೆ ಹೊಸ ಪ್ರೊಸೆಸರನ್ನು ಅದು ಗುರುತಿಸಲ್ಲ ಅಂತ ಅವನೇ ಹೇಳಿದ. ಎಲ್ಲ ಒಂದೇ ಕಡೆ ಕೊಂಡರೆ ಸ್ವಲ್ಪ ಇಳಿಸುತ್ತಾರೆ. ನಾವು ಮೂರು ಅಂಗಡಿಯ ದರ ಬರೆದುಕೊಂಡು, ಮಾನಿಟರ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಲ್ಲೇ ತಗೊಂಡೆವು.

ಬಿಲ್ ವಿಷಯದಲ್ಲಿ ಸಂಕೋಚ ಬೇಡ. ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀವಿ ಅನ್ನುವವರು ಇದ್ದಾರೆ. ಬಿಡಿಭಾಗಗಳ ಮೇಲೆ ಶೇ. 18 ಜಿಎಸ್‌ಟಿ ಇರೋದರಿಂದ ಉಳಿತಾಯ ಅನ್ನಿಸುತ್ತೆ. ಆದರೆ ವಾರಂಟಿ ಕೇಳೋಕೆ ಹೋದಾಗ ಬೇಕಾಗುವುದು ಅದೇ ಕಾಗದ. ಡಬ್ಬದ ಪ್ರೊಸೆಸರಿಗೆ 3 ವರ್ಷ ವಾರಂಟಿ ಇದೆ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಬರೆಸಿಕೊಂಡು, ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಲೆಕ್ಕದ ಚೀಟಿ

ಜಿಎಸ್‌ಟಿ ಸೇರಿ ಆವತ್ತು ನಾವು ಕೊಟ್ಟದ್ದು ಇಷ್ಟು:

ಪ್ರೊಸೆಸರ್, ಕೂಲರ್ ಸಮೇತ: ₹11,400
ಮದರ್‌ಬೋರ್ಡ್: ₹5,700
ರ‍್ಯಾಮ್, 8 ಜಿಬಿಯ 2 ಕಡ್ಡಿ, ಡಿಡಿಆರ್4: ₹3,300
ಎಸ್‌ಎಸ್‌ಡಿ, ಎನ್‌ವಿಎಂಇ, 500 ಜಿಬಿ: ₹3,100
ಎಸ್‌ಎಂಪಿಎಸ್: ₹2,900
ಕ್ಯಾಬಿನೆಟ್, 2 ಫ್ಯಾನ್ ಸಮೇತ: ₹1,900
ಮಾನಿಟರ್, 22 ಇಂಚು: ₹6,400
ಕೀಬೋರ್ಡ್, ಮೌಸ್: ₹800
ವೈಫೈ ಡಾಂಗಲ್: ₹450
ಒಟ್ಟು: ₹35,950

ಉಳಿದ 50 ರೂಪಾಯಿ ಕಾಫಿಗಾಯ್ತು.

ಈ ಪಟ್ಟಿಯಲ್ಲಿ ಯುಪಿಎಸ್ ಇಲ್ಲ ಅಂತ ಕೆಲವರು ಗಮನಿಸಿರಬಹುದು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತೆ, ಡೆಸ್ಕ್‌ಟಾಪ್ ಕರೆಂಟ್ ಹೋದ ಕ್ಷಣ ಆಫ್. ಕರೆಂಟ್ ಆಗಾಗ ಕೈಕೊಡುವ ಊರಿನಲ್ಲಿ ಯುಪಿಎಸ್ ಬೇಕೇ ಬೇಕು. ಅದು ಎರಡನೇ ಕಂತು ಅಂತ ಮೊದಲೇ ಬರೆದಿಟ್ಟಿದ್ದೆವು. ಆ ಸೆಪ್ಟೆಂಬರ್‌ನಲ್ಲಿ ಚಿಕ್ಕಮ್ಮ ಗೌರಿ ಹಬ್ಬದ ಬ್ಲೌಸ್ ಹೊಲಿದ ದುಡ್ಡಿನಲ್ಲಿ 600 ವಿಎ ಯುಪಿಎಸ್ ಬಂತು. ಅಲ್ಲಿಯವರೆಗೆ ತಮ್ಮ ಎರಡು ನಿಮಿಷಕ್ಕೊಮ್ಮೆ ಸೇವ್ ಮಾಡುವುದನ್ನು ಚೆನ್ನಾಗಿ ರೂಢಿಸಿಕೊಂಡ.

ಜೋಡಣೆ ಕಷ್ಟವಲ್ಲ, ಅವಸರ ಬೇಡ

ಜೋಡಿಸಿದ್ದು ಮಾರನೇ ದಿನ, ತಿಪಟೂರಿನಲ್ಲಿ, ಚಿಕ್ಕಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಬೇಕಾದ ಆಯುಧ ಒಂದೇ, ಸ್ಟಾರ್ ಸ್ಕ್ರೂ ಡ್ರೈವರ್. ಮೈಯಲ್ಲಿನ ಸ್ಥಿರ ವಿದ್ಯುತ್ ಭಾಗಗಳಿಗೆ ತಾಗದಿರಲಿ ಅಂತ ಆಗಾಗ ಲೋಹವನ್ನು ಮುಟ್ಟುತ್ತಿರಬೇಕು. ಕೈ ಹಾಕಿದ್ದು ಪೂರ್ತಿ ತಮ್ಮನೇ. ನಾನು ಪಕ್ಕದಲ್ಲಿ ಕೂತು ಬೋರ್ಡಿನ ಪುಸ್ತಕ ಓದಿ ಹೇಳಿದೆ.

ಎಎಂ4 ಪ್ರೊಸೆಸರಿನ ಅಡಿಯಲ್ಲಿ ಸೂಜಿಯಂಥ ಪಿನ್‌ಗಳಿವೆ. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನೇ ಕೂರುತ್ತೆ. ಒತ್ತಲೇಬಾರದು. ಒಂದು ಪಿನ್ ಬಾಗಿದರೂ 11 ಸಾವಿರಕ್ಕೆ ಪೆಟ್ಟು. ಡಬ್ಬದ ಕೂಲರ್ ಅಡಿಯಲ್ಲಿ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುತ್ತಾರೆ, ಬೇರೆ ಬೇಡ. ರ‍್ಯಾಮ್ ಮಾತ್ರ ಇದಕ್ಕೆ ತದ್ವಿರುದ್ಧ, ಟಕ್ ಅನ್ನುವ ತನಕ ಒತ್ತಬೇಕು. ನಾಲ್ಕು ಸ್ಲಾಟ್‌ಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು, ನಾಲ್ಕನೆಯದು.

ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪಗೇ ಇತ್ತು. ಚಿಕ್ಕಮ್ಮ ಮಾತಾಡಲಿಲ್ಲ, ಹೊಲಿಗೆ ಯಂತ್ರ ನಿಲ್ಲಿಸಿ ನೋಡುತ್ತಾ ಕೂತರು. ಇಂಥ ಹೊತ್ತಿನಲ್ಲಿ ಗಾಬರಿಯಾಗಬೇಡಿ. ನೋಡಬೇಕಾದ್ದು ಕ್ರಮವಾಗಿ ಮೂರು: ಪ್ರೊಸೆಸರ್ ಹತ್ತಿರದ 8 ಪಿನ್ ಪವರ್ ಕೇಬಲ್ ಹಾಕಿದೆಯಾ, ಮಾನಿಟರ್ ಕೇಬಲ್ ಬೋರ್ಡಿಗೆ ಸರಿಯಾಗಿ ಕೂತಿದೆಯಾ, ರ‍್ಯಾಮ್ ಪೂರ್ತಿ ಒಳಗೆ ಹೋಗಿದೆಯಾ. ನಮಗೆ ಸಿಕ್ಕಿದ್ದು ಮೂರನೆಯದು. ಒಂದು ಕಡ್ಡಿಯ ತುದಿ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಆಫ್ ಮಾಡಿ, ಒತ್ತಿ, ಮತ್ತೆ ಆನ್ ಮಾಡಿದ. ಅರ್ಧ ನಿಮಿಷದಲ್ಲಿ ಬಯೋಸ್ ಬಂತು. ಹೊಲಿಗೆ ಯಂತ್ರ ಮತ್ತೆ ಶುರುವಾಯ್ತು.

ಕಾಪಿ ಮಾಡಿದ ವಿಂಡೋಸ್ ಹಾಕಿಕೊಡ್ತೀವಿ ಅಂದವರಿಗೆ ಅಂಗಡಿಯಲ್ಲೇ ಬೇಡ ಅಂದಿದ್ದೆವು. ಕದ್ದ ವಿಂಡೋಸ್ ಜೊತೆ ಏನೇನು ಒಳಗೆ ಬರುತ್ತೋ ಯಾರಿಗೆ ಗೊತ್ತು. ಅದೇ ಯಂತ್ರದಲ್ಲಿ ಮುಂದೆ ಬ್ಯಾಂಕ್ ವ್ಯವಹಾರವೂ ನಡೆಯುತ್ತೆ. ಉಚಿತವಾದ ಲಿನಕ್ಸ್ ಮಿಂಟ್ ಹಾಕಿದ. ಸಿ, ಪೈಥಾನ್, ಜಾವಾ, ವಿಎಸ್ ಕೋಡ್ ಎಲ್ಲ ಅದರಲ್ಲಿ ನಡೆಯುತ್ತೆ. ಕನ್ನಡದ ಕಗಪ ಕೀಲಿ ವಿನ್ಯಾಸವೂ ಒಳಗೇ ಇದೆ. ನಿಮ್ಮ ಕೋರ್ಸಿಗೆ ಆಟೊಕ್ಯಾಡ್‌ನಂಥ ವಿಂಡೋಸ್ ಸಾಫ್ಟ್‌ವೇರ್ ಬೇಕೇ ಬೇಕು ಅಂದರೆ ಅದರ ಲೈಸೆನ್ಸ್ ದುಡ್ಡನ್ನು ಮೊದಲೇ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಈಗ ಕೊಳ್ಳುವವರಿಗೆ

ಮೇಲಿನ ದರ ಇವತ್ತು ಸಿಗಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು, ಎಸ್‌ಎಸ್‌ಡಿಯೂ ಹಿಂದೆಯೇ ಹೋಯ್ತು. ಎಐಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರ್‌ನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುವ ತನ್ನ 'ಕ್ರೂಷಿಯಲ್' ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಆದರೆ ಎರಡು ಪಟ್ಟಿಯ ಲೆಕ್ಕ ಬದಲಾಗಿಲ್ಲ. ರ‍್ಯಾಮ್ ಆಮೇಲೆ ಸೇರಿಸಬಹುದಾದ ಭಾಗ. 8 ಜಿಬಿಯ ಒಂದೇ ಕಡ್ಡಿಯಿಂದ ಶುರುಮಾಡಿ, ದುಡ್ಡಾದಾಗ ಅದೇ ವೇಗದ ಇನ್ನೊಂದು ಹಾಕಿ. ಸೆಕೆಂಡ್ ಹ್ಯಾಂಡ್ ಡಿಡಿಆರ್4 ಸಿಕ್ಕರೆ ಮೆಮ್‌ಟೆಸ್ಟ್86 ಅನ್ನುವ ಉಚಿತ ಪ್ರೋಗ್ರಾಂ ಓಡಿಸಿ ಪರೀಕ್ಷಿಸಿ ಕೊಳ್ಳಿ. ಡಿಡಿಆರ್4 ಕಡ್ಡಿ ಡಿಡಿಆರ್5 ಬೋರ್ಡಿಗೆ ಕೂರಲ್ಲ, ನೆನಪಿರಲಿ. ಹಳೆಯ ಮಾನಿಟರ್, ಕ್ಯಾಬಿನೆಟ್, ಪ್ರೊಸೆಸರ್ ಪರವಾಗಿಲ್ಲ. ಹಳೆಯ ಎಸ್‌ಎಂಪಿಎಸ್ ಮತ್ತು ಹಾರ್ಡ್ ಡಿಸ್ಕ್ ಬೇಡ.

ಚಿಕ್ಕಮ್ಮನ ಸಾಲ 2025ರ ಜುಲೈಗೆ ತೀರಿತು. ಮರುತಿಂಗಳು ತಮ್ಮ ತಾನೇ ಕ್ಯಾಬಿನೆಟ್ ಬಿಚ್ಚಿ ಎರಡನೇ ಎಸ್‌ಎಸ್‌ಡಿ ಹಾಕಿಕೊಂಡ. ಯಾರನ್ನೂ ಕರೆಯಲಿಲ್ಲ, ಫೋಟೊ ಮಾತ್ರ ಕಳಿಸಿದ. ಇದುವರೆಗೆ ಕೆಟ್ಟದ್ದು ಒಂದೇ, ಮೌಸ್.

ಅಂಗಡಿಗೆ ಹೋಗುವ ಮುಂಚೆ

• ಏನು ಕೆಲಸಕ್ಕೆ ಬೇಕು ಅಂತ ಮೊದಲು ಬರೆದುಕೊಳ್ಳಿ. ಬೇಕಾದ ಸಾಫ್ಟ್‌ವೇರ್‌ಗಳ ಹೆಸರು ಕಾಲೇಜಿನಲ್ಲೇ ಕೇಳಿ.
• 'ಐ5', 'ರೈಜೆನ್ 5' ಅಂದರೆ ಸಾಲದು. ಪ್ರೊಸೆಸರಿನ ಪೂರ್ತಿ ನಂಬರ್ ಕೇಳಿ. ಕಾರ್ಡ್ ಇಲ್ಲದಿದ್ದರೆ ಒಳಗೆ ಗ್ರಾಫಿಕ್ಸ್ ಇದೆಯಾ ನೋಡಿ.
• ಎಸ್‌ಎಂಪಿಎಸ್ ಬೇರೆಯಾಗಿ ಕೊಳ್ಳಿ. ಮನೆಯ ಅರ್ಥಿಂಗ್ ಪರೀಕ್ಷಿಸಿ.
• ಕನಿಷ್ಠ ಮೂರು ಅಂಗಡಿಯ ದರ ಬರೆದುಕೊಳ್ಳಿ, ಆನ್‌ಲೈನ್ ದರವನ್ನೂ ಪಕ್ಕದಲ್ಲಿಡಿ.
• ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ಹೊರಡಬೇಡಿ.
• ಎರಡನೇ ಕಂತಿನಲ್ಲಿ ಏನು ಕೊಳ್ಳಬೇಕು ಅನ್ನೋದನ್ನೂ ಮೊದಲ ದಿನವೇ ಬರೆದಿಡಿ.

ಜೋಡಿಸುವ ದಿನ ಯಾರಿಗಾಗಿ ಕಂಪ್ಯೂಟರ್ ಕೊಳ್ಳುತ್ತಿದ್ದೀರೋ ಅವರ ಕೈಗೇ ಸ್ಕ್ರೂ ಡ್ರೈವರ್ ಕೊಡಿ. ಒಮ್ಮೆ ತಾವೇ ಬಿಚ್ಚಿ ಜೋಡಿಸಿದವರು ಮುಂದೆ ಸಣ್ಣಪುಟ್ಟ ರಿಪೇರಿಗೆ ಅಂಗಡಿಗೆ ಓಡಲ್ಲ, ನಿಮಗೂ ಫೋನ್ ಮಾಡಲ್ಲ.